‘ಗಂಟಲ ಹಾಡು’ ಅಂದರೆ ಸರಿಹೋಗುತ್ತಾ?

ಒಂದು ಪದ ಸಿಗದೆ ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ಇಲ್ಲಿ ಬಳ್ಳಾರಿಯಲ್ಲಿ ಗೆಳೆಯರು ತರುವ ಸಣ್ಣ ಪತ್ರಿಕೆಗೆ ತಾನ್ಯಾ ಟಗಾಕ್ ಬಗ್ಗೆ ಎರಡು ಪುಟ ಬರೆಯಬೇಕು. ಕೆನಡಾದ ಉತ್ತರ ತುದಿಯ ಕೇಂಬ್ರಿಜ್ ಬೇ ಊರಿನವರು, ಅಲ್ಲಿನ ಮೂಲನಿವಾಸಿ ಇನ್ಯುಯಿಟ್ ಜನ. ಅವರು ಹಾಡುವುದಕ್ಕೆ ಇಂಗ್ಲಿಷಿನಲ್ಲಿ ‘ಥ್ರೋಟ್ ಸಿಂಗಿಂಗ್’ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನೋಣ?

ಮೊದಲು ‘ಕಂಠಗಾಯನ’ ಅಂತ ಬರೆದೆ. ಎಲ್ಲ ಗಾಯನವೂ ಕಂಠದ್ದೇ ಅಲ್ವಾ, ಓದುವವರು ಇದರಲ್ಲೇನು ವಿಶೇಷ ಅಂತ ಪುಟ ತಿರುಗಿಸುತ್ತಾರೆ. ‘ಗಂಟಲ ಹಾಡು’ ಅಂತ ತಿದ್ದಿ ಅವ್ವನಿಗೆ ಓದಿ ಹೇಳಿದರೆ, “ಯಾಕ, ಆಕಿಗೆ ಗಂಟ್ಲು ಕಟ್ಟೈತೇನು?” ಅಂದಳು.

ಇನ್ನೊಂದು ತೊಡಕಿದೆ. ಇದೇ ಇಂಗ್ಲಿಷ್ ಹೆಸರನ್ನು ರಷ್ಯಾದ ತುವಾ ಸೀಮೆಯ ಹಾಡಿಕೆಗೂ ಹಚ್ಚುತ್ತಾರೆ. ಅಲ್ಲಿ ಒಬ್ಬನೇ ಒಂದೇ ಸಲಕ್ಕೆ ಎರಡು ದನಿ ತೆಗೆಯುತ್ತಾನೆ, ಕೆಳಗೆ ತಂಬೂರಿಯ ಹಾಗೆ ಗುಂಯ್ ಅನ್ನುವ ಶ್ರುತಿ, ಮೇಲೆ ಸಿಳ್ಳೆಯಂಥ ಸ್ವರ. ಅದಕ್ಕೆ ‘ಜೋಡುದನಿ’ ಅಂದರೆ ನನ್ನ ತಕರಾರಿಲ್ಲ. ಇನ್ಯುಯಿಟ್ ಹೆಂಗಸರ ‘ಕಟಜ್ಜಾಕ್’ ಮಾತ್ರ ಬೇರೆಯೇ. ಇಬ್ಬರು ಎದುರುಬದುರು ನಿಂತು ತೋಳು ಹಿಡಿದುಕೊಳ್ಳುತ್ತಾರೆ, ಒಬ್ಬಳು ಸದ್ದು ತೆಗೆದರೆ ಅದರ ಸಂದಿಯಲ್ಲಿ ಇನ್ನೊಬ್ಬಳು ತನ್ನದನ್ನು ತೂರಿಸುತ್ತಾಳೆ, ಉಸಿರು ಎಳೆಯುವಾಗಲೂ ಸದ್ದು, ಬಿಡುವಾಗಲೂ ಸದ್ದು. ಮೊದಲು ನಕ್ಕವಳೋ ದಮ್ಮು ಸಾಲದೆ ನಿಂತವಳೋ ಸೋತಳು. ಹಾಡಿಗಿಂತ ಆಟವೇ ಜಾಸ್ತಿ. ಟಗಾಕ್ ಇದನ್ನು ಕಲಿತದ್ದು ತಾಯಿ ಕಳಿಸಿದ ಕ್ಯಾಸೆಟ್ ಕೇಳಿ. ಜೋಡಿ ಇಲ್ಲದೆ ಒಬ್ಬರೇ ಹಾಡಿ ರೂಢಿಯಾಯಿತು.

ಇಷ್ಟು ಹೇಳುವಷ್ಟರಲ್ಲಿ ಅವ್ವ, “ಇದು ನಮ್ಮ ಪುಗಡಿ ಇದ್ದಂಗ ಐತಲ್ಲೋ” ಅಂದಳು. ಅವಳ ತವರು ಕುಷ್ಟಗಿ ಕಡೆ. ಪಂಚಮಿಯಲ್ಲಿ ಇಬ್ಬರು ಹುಡುಗಿಯರು ಕೈಗೆ ಕೈ ಕೊಟ್ಟು ಹಿಂದಕ್ಕೆ ವಾಲಿ, ಫೂ ಫೂ ಅಂತ ಉಸಿರಲ್ಲೇ ತಾಳ ಹಾಕುತ್ತಾ ಗಿರ್ರನೆ ತಿರುಗುವುದು. ಅರವತ್ತು ದಾಟಿದ ಅವಳು ಕುಂತಲ್ಲೇ ಮಾಡಿ ತೋರಿಸಿದಳು, ಕೆಮ್ಮು ಬಂತು. ಹೋಲಿಕೆ ಚೆನ್ನಾಗಿದೆ, ಆದರೆ ಪುಗಡಿ ಅಂದರೆ ತಿರುಗುವುದೇ ಕಣ್ಣಿಗೆ ಬರುತ್ತದೆ, ಹಾಗಾಗಿ ಆ ಹೆಸರು ಕೊಡಲಾರೆ.

ಆಮೇಲೆ ಹೊಳೆದದ್ದು ‘ಉಸಿರಾಟ’. ಉಸಿರು, ಆಟ, ಎರಡೂ ಅದರೊಳಗೇ ಇವೆ! ಆದರೆ ಆ ಪದವನ್ನು ಡಾಕ್ಟರುಗಳು ಯಾವತ್ತೋ ಒಯ್ದುಬಿಟ್ಟಿದ್ದಾರೆ, ‘ಉಸಿರಾಟದ ಕಲಾವಿದೆ’ ಅಂದರೆ ದಮ್ಮಿನ ಕಾಯಿಲೆ ನೆನಪಾಗುತ್ತದೆ. ‘ಉಸಿರಿನಾಟ’ ಅಂತ ಬಿಡಿಸಿದರೆ ನಡೆದೀತಾ? ‘ದಮ್ಮಿನ ಹಾಡು’ ಅಂತಲೂ ಯೋಚಿಸಿದೆ. ನಮ್ಮ ಕಡೆ ದಮ್ಮು ಹೊಡೆಯುವುದು ಅಂದರೆ ಬೀಡಿ, ಹಾಗಾಗಿ ಕೈಬಿಟ್ಟೆ.

ಎರಡನೆಯದು, ಟಗಾಕ್ ಅವರನ್ನು ಏನೆಂದು ಕರೆಯುವುದು? ಓದಿದ್ದು ಚಿತ್ರಕಲೆ. ಹಾಡಿನ ಆಲ್ಬಮ್ಮಿಗೆ 2014ರಲ್ಲಿ ಕೆನಡಾದ ಪೋಲಾರಿಸ್ ಸಂಗೀತ ಬಹುಮಾನ ಬಂತು, 2018ರಲ್ಲಿ ಕಾದಂಬರಿ ಬಂತು. ‘ಬಹುಮುಖ ಪ್ರತಿಭೆ’ ಬೇಡ, ಅದು ಇಲ್ಲಿನ ಪ್ರತಿ ಹುಟ್ಟುಹಬ್ಬದ ಫ್ಲೆಕ್ಸಿನಲ್ಲೂ ಇರುತ್ತದೆ. ‘ಸಕಲಕಲಾವಲ್ಲಭೆ’ ಅಂದರೆ ಸುಮ್ನೆ ಕಾಲೆಳೆದಂತೆ. ನಮ್ಮ ಬಯಲಾಟದಲ್ಲಿ ಪೇಟಿ ನುಡಿಸಿ, ಹಾಡಿ, ಮಾತು ಕಲಿಸಿ, ಕುಣಿತ ತಿದ್ದುವವನಿಗೆ ‘ಮಾಸ್ತರ’ ಅನ್ನುತ್ತೇವೆ. ಅಷ್ಟೂ ಕೆಲಸ ಒಂದೇ ಮಾತಿನಲ್ಲಿ ಬಂತು. ಆದರೆ ಊರಾಚೆ ಮಾಸ್ತರ ಅಂದರೆ ಶಾಲೆಯವರೇ. ಜೋಳದರಾಶಿ ದೊಡ್ಡನಗೌಡರ ಬಗ್ಗೆ ಬರೆದವರೂ ಗಮಕಿ, ನಟ, ನಾಟಕಕಾರ ಅಂತ ಬಿಡಿಬಿಡಿಯಾಗೇ ಬರೆಯುತ್ತಾರೆ. ನಾನೂ ಹಾಗೇ ‘ಹಾಡುಗಾರ್ತಿ, ಚಿತ್ರಕಾರ್ತಿ, ಕಾದಂಬರಿಕಾರ್ತಿ’ ಅಂತ ಹಾಕಲಿದ್ದೇನೆ, ಇದಕ್ಕೆ ಒಂದೇ ಪದ ಬೇಕೆಂಬ ಹಟ ನನಗಿಲ್ಲ.

ಮೊದಲನೆಯದಕ್ಕೆ ಮಾತ್ರ ಬೇಕೇ ಬೇಕು. ರಾಯಚೂರು, ಸಿಂಧನೂರು, ಗಂಗಾವತಿ ಕಡೆಯವರೇ, ಪುಗಡಿಯಲ್ಲಿ ಆ ಫೂ ಫೂ ಸದ್ದಿಗೇ ಬೇರೆ ಹೆಸರು ಇದೆಯಾ? ಮನೆಯ ಹಿರಿಯ ಹೆಂಗಸರನ್ನು ಕೇಳಿ ಹೇಳಿ, ಶನಿವಾರ ಪುಟ ಕಟ್ಟುತ್ತಾರೆ.