ಫಿಟ್ಸ್‌ಗೆ ಮಗುವಿನ ಮೆದುಳಿನ ಆಪರೇಷನ್: ಈ ದಾರಿ ನೋಡಿದವರು ಹೇಳಿ

ಕೇಳಿದ ತಾಯಿ: ಮಗಳಿಗೆ ಏಳು ವರ್ಷ. ಮೂರು ವರ್ಷದಿಂದ ಫಿಟ್ಸ್, ವಾರಕ್ಕೆ ನಾಲ್ಕೈದು ಸಲ. ಮೂರನೇ ಮಾತ್ರೆಗೂ ಜಗ್ಗುತ್ತಿಲ್ಲ. ಆಪರೇಷನ್‌ಗೆ ಆಗುತ್ತದಾ ಅಂತ ಪರೀಕ್ಷೆ ಮಾಡೋಣ ಅಂದಿದ್ದಾರೆ ಡಾಕ್ಟರು. ಇನ್ನೊಂದು ಮಾತ್ರೆ ನೋಡೋಣ ಅಂತಾರೆ ಅವಳಪ್ಪ. ನನಗಂತೂ ತಲೆ ತೆರೆಯುವುದು ಅಂದರೆ ಕೈಕಾಲು ತಣ್ಣಗಾಗುತ್ತದೆ.

ಒಬ್ಬ ತಂದೆ: ಮೇಡಂ, 'ಇನ್ನೊಂದು ಮಾತ್ರೆ' ಅನ್ನುತ್ತಲೇ ನಾವು ಎರಡು ವರ್ಷ ಕಳೆದೆವು. ಸರಿಯಾಗಿ ಆರಿಸಿದ ಎರಡು ಔಷಧಿ, ಸರಿಯಾದ ಡೋಸ್‌ನಲ್ಲಿ ಕೊಟ್ಟರೂ ಫಿಟ್ಸ್ ನಿಲ್ಲದಿದ್ದರೆ ಮೂರನೆಯದು ಪೂರ್ತಿ ನಿಲ್ಲಿಸುವುದು ಬಹಳ ಅಪರೂಪ. ಇದು ನನಗೆ ಗೊತ್ತಾಗುವಾಗ ಐದನೆಯದು ನಡೆಯುತ್ತಿತ್ತು! ಪರೀಕ್ಷೆಗೆ ಹೂಂ ಅಂದರೆ ಆಪರೇಷನ್‌ಗೆ ಹೂಂ ಅಂದಂತೆ ಅಲ್ಲ. ಅಷ್ಟು ತಿಳಿದಿದ್ದರೆ ಮೊದಲೇ ಹೋಗುತ್ತಿದ್ದೆವು.

ಮೊದಲು ವಿಡಿಯೋ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳನ್ನೂ ಮಗುವಿನ ವಿಡಿಯೋವನ್ನೂ ಒಟ್ಟಿಗೆ ದಾಖಲಿಸುವ ಪರೀಕ್ಷೆ. ತಲೆ ತುಂಬಾ ಅಂಟು, ವೈರು, ಎದುರಿಗೆ ಕ್ಯಾಮರಾ. ಔಷಧಿ ಕಡಿಮೆ ಮಾಡಿ ಫಿಟ್ಸ್ ಬರುವುದನ್ನೇ ಕಾಯಬೇಕು. ಇಷ್ಟು ವರ್ಷ ಬರದಿದ್ದರೆ ಸಾಕಪ್ಪಾ ಅಂತಿದ್ದವನು, ಅಲ್ಲಿ ಫಿಟ್ಸ್ ಬಂದಾಗ ಒತ್ತುವ ಗುಂಡಿ ಹಿಡಿದು, ಬರಲಿ ಅಂತ ಕೂತಿದ್ದೆ. ನಾಲ್ಕನೇ ರಾತ್ರಿ ಬಂತು. ಮೊದಲು ಅದುರಿದ್ದು ಎಡಗೈ ಹೆಬ್ಬೆರಳು. ಅಷ್ಟು ವರ್ಷ ನೋಡಿದ್ದ ನಮ್ಮ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಆ ಸುಳಿವು ಹಿಡಿದು, 'ನಾರ್ಮಲ್' ಅಂತ ಬಂದಿದ್ದ ಎಂಆರ್‌ಐಯನ್ನು ಮತ್ತೆ ನೋಡಿದರು. ಬಲಗಡೆ ಒಂದು ಚಿಕ್ಕ ಜಾಗ ಸಿಕ್ಕಿತು. ಮೆದುಳಿನ ಹೊರಪದರ ಹುಟ್ಟುವ ಮೊದಲೇ ಅಲ್ಲಿ ಸರಿಯಾಗಿ ಬೆಳೆದಿರಲಿಲ್ಲ. ಕಾರ್ಟಿಕಲ್ ಡಿಸ್‌ಪ್ಲೇಸಿಯಾ ಅಂತಾರೆ.

ಅದು ಕೈ ಆಡಿಸುವ ಭಾಗಕ್ಕೆ ಹತ್ತಿರ. 'ರಿಸ್ಕ್ ಇದೆಯಾ' ಅಂತ ಕೇಳಬೇಡಿ, 'ಇದೆ' ಅನ್ನುತ್ತಾರೆ ಅಷ್ಟೆ. ಏನು ಹೋಗಬಹುದು, ಮಾತಾ, ನೋಟವಾ, ಕೈಯಾ, ಎಷ್ಟು ವಾಪಸ್ ಬರುತ್ತದೆ ಅಂತ ಒಂದೊಂದಾಗಿ ಕೇಳಿ. ಆಪರೇಷನ್ ಆದ ಮೇಲೆ ಮಗನ ಎಡಗೈ ಮೊದಲಿನಷ್ಟು ಚುರುಕಿಲ್ಲ. ಅಂಗಿ ಗುಂಡಿ ಹಾಕಿಕೊಳ್ಳಲು ತುಂಬಾ ಹೊತ್ತು ಬೇಕು. ಕೊನೇ ಸಲ ಫಿಟ್ಸ್ ಬಂದು ಎರಡು ವರ್ಷ ಆಯ್ತು. ಒಂದು ಮಾತ್ರೆ ಇನ್ನೂ ಇದೆ. ಆಪರೇಷನ್ ಆದ ಮಾರನೇ ದಿನವೇ ಔಷಧಿ ನಿಲ್ಲುತ್ತದೆ ಅಂದುಕೊಳ್ಳಬೇಡಿ.

ಇನ್ನೊಬ್ಬರು: ಅವಳಪ್ಪನಿಗೆ ಇದನ್ನು ಓದಿಸಿ. ದೆಹಲಿಯ ಏಮ್ಸ್ ವೈದ್ಯರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಔಷಧಿಗೆ ಬಗ್ಗದ 116 ಮಕ್ಕಳಿದ್ದರು. ಒಂದು ವರ್ಷದ ಕೊನೆಗೆ ಫಿಟ್ಸ್ ಇಲ್ಲದವರು ಆಪರೇಷನ್ ಗುಂಪಿನಲ್ಲಿ ಶೇ. 77, ಬರೀ ಔಷಧಿಯ ಗುಂಪಿನಲ್ಲಿ ಶೇ. 7. ಆದರೆ ಆಪರೇಷನ್ ಆದವರಲ್ಲಿ ಮೂರರಲ್ಲೊಂದು ಪಾಲು ಮಕ್ಕಳಿಗೆ ಗಂಭೀರ ತೊಂದರೆಯೂ ಆಯಿತು, ಒಂದು ಬದಿಯ ಕೈಕಾಲು ಬಲ ಕುಂದಿದ್ದೂ ಅದರಲ್ಲಿದೆ. ಇನ್ನೊಂದು ಮಾತು, ಅವರೆಲ್ಲ ಆಪರೇಷನ್‌ಗೆ ತಕ್ಕವರು ಅಂತ ಮೊದಲೇ ಆರಿಸಿದ್ದ ಮಕ್ಕಳು.

ಒಬ್ಬ ತಾಯಿ: ನಮ್ಮವಳು ತಕ್ಕವಳಾಗಲಿಲ್ಲ. ಫಿಟ್ಸ್ ಎರಡೂ ಕಡೆಯಿಂದ ಶುರುವಾಗುತ್ತಿತ್ತು. ಅಷ್ಟೆಲ್ಲ ಪರೀಕ್ಷೆ ಮಾಡಿಸಿ 'ಆಗಲ್ಲ' ಅನಿಸಿಕೊಂಡು ಬರುವುದು ಎಷ್ಟು ಕಷ್ಟ ಅಂತ ಯಾರೂ ಹೇಳಿರಲಿಲ್ಲ. ಕೀಟೋಜೆನಿಕ್ ಡಯಟ್ (ಕೊಬ್ಬು ಜಾಸ್ತಿ, ಅನ್ನ-ಸಕ್ಕರೆಯಂಥದ್ದು ತೀರಾ ಕಡಿಮೆ ಇರುವ ಊಟ) ಹಿಡಿದೆವು, ಡಯಟೀಷಿಯನ್ ಹೇಳಿದ ಲೆಕ್ಕದಲ್ಲೇ. ಫಿಟ್ಸ್ ನಿಂತಿಲ್ಲ, ಅರ್ಧಕ್ಕೆ ಇಳಿದಿದೆ.

ಕೇಳಿದ ತಾಯಿ: ಬುಧವಾರ ವಿಡಿಯೋ ಇಇಜಿಗೆ ಸೇರಿಸುತ್ತಿದ್ದೇವೆ. ಇವರೂ ಒಪ್ಪಿದರು. ಅವಳಿಗೆ ಏನಂತ ಹೇಳಲಿ?

ಅದೇ ತಂದೆ: ನಾವು ಗೊಂಬೆ ತಲೆಗೆ ದಾರ ಅಂಟಿಸಿ, ಬಟ್ಟೆ ಸುತ್ತಿ ತೋರಿಸಿದೆವು. ವೈರಿನಿಂದ ಕರೆಂಟ್ ಹೊಡೆಯುತ್ತಾ ಅಂತ ಕೇಳಿದ. ಹೊಡೆಯುವುದಿಲ್ಲ, ನಿನ್ನ ಮೆದುಳು ಹೇಳುವುದನ್ನು ಸುಮ್ನೆ ಬರೆದುಕೊಳ್ಳುತ್ತದೆ ಅಂದೆ. ಮತ್ತೆ, ಮುಂದೆ ಗುಂಡಿ ಇರುವ ಅಂಗಿಗಳನ್ನೇ ತೆಗೆದುಕೊಂಡು ಹೋಗಿ. ತಲೆ ತುಂಬಾ ವೈರ್ ಇರುವಾಗ ಟೀ ಶರ್ಟ್ ಬಿಚ್ಚಲು ಆಗುವುದಿಲ್ಲ.