ಅಪ್‌ಡೇಟ್: ಅಪ್ಪನ ಅಬ್ಲೇಶನ್ ಆದ ಮೇಲೆ

ಹೃದಯ ತಾಳ ತಪ್ಪಿ ಬಡಿಯುವ ಕಾಯಿಲೆಯಾದ ಏಟ್ರಿಯಲ್ ಫಿಬ್ರಿಲೇಶನ್‌ಗೆ ಅಬ್ಲೇಶನ್ (ತಾಳ ತಪ್ಪಿಸುವ ವಿದ್ಯುತ್ ದಾಟದಂತೆ ಹೃದಯದೊಳಗೆ ಸಣ್ಣದಾಗಿ ಸುಡುವ ಚಿಕಿತ್ಸೆ) ಮಾಡಿಸಿದರೆ ಅದು ಪೂರ್ತಿ ಹೋಗುತ್ತದಾ ಅಂತ ಡೊಂಬಿವಲಿಯಿಂದ ಕೇಳಿದ್ದೆ. ಅಪ್ಪನಿಗೆ ಮಾಡಿಸಿದೆವು.

ಮೊದಲ ಕೆಲವು ವಾರ ಎದೆ ಮತ್ತೆ ಡವಗುಟ್ಟಿತು, ತುಂಬಾ ಹೆದರಿದೆವು. ಗಾಯ ಮಾಗುವಾಗ ಹಾಗಾಗಬಹುದು, 3 ತಿಂಗಳವರೆಗೆ ಅದನ್ನು ಸೋಲು ಅಂತ ಹಿಡಿಯಬೇಡಿ ಎಂದರು ಡಾಕ್ಟರು. ತಾನೇ ನಿಂತಿತು. ಆದರೆ ಆಮೇಲೆ ಒಂದು ಮಳೆಗಾಲದಲ್ಲಿ ಮತ್ತೆ ಶುರುವಾಯಿತು. ಶ್ವಾಸಕೋಶದಿಂದ ಬರುವ ರಕ್ತನಾಳಗಳ ಬಾಯಿ ಸುತ್ತ ಸುಟ್ಟ ಗೆರೆಯಲ್ಲಿ ಒಂದು ಕಡೆ ವಿದ್ಯುತ್ ಮತ್ತೆ ದಾಟುತ್ತಿತ್ತಂತೆ. ಎರಡನೇ ಅಬ್ಲೇಶನ್‌ನಲ್ಲಿ ಅದನ್ನು ಮುಚ್ಚಿದರು.

ಈಗ ಅಪ್ಪ ಸ್ಟೇಷನ್ ಬ್ರಿಡ್ಜ್ ಏದುಸಿರಿಲ್ಲದೆ ಹತ್ತುತ್ತಾರೆ. ಎಷ್ಟು ಖುಷಿ ಗೊತ್ತಾ!

ರಕ್ತ ತೆಳು ಮಾಡುವ ಮಾತ್ರೆ ಮಾತ್ರ ನಿಂತಿಲ್ಲ. ಬಡಿತ ಸರಿಯಾದರೂ ವಯಸ್ಸು, ಬಿಪಿ, ಶುಗರ್ ನೋಡಿಯೇ ಸ್ಟ್ರೋಕ್ ಅಪಾಯ ಲೆಕ್ಕ ಹಾಕುತ್ತಾರೆ. ದಯವಿಟ್ಟು ಡಾಕ್ಟರನ್ನು ಕೇಳದೆ ಯಾರೂ ನಿಲ್ಲಿಸಬೇಡಿ.