ಕಾರವಾರದ ಗಾಳಿಗೆ ಮೆತ್ತಗಾಗದ ಇಟಲಿ ಬಾದಾಮಿ ಬಿಸ್ಕತ್ತು ಮಾಡೋದು ಹೇಗೆ?

ಸದಾಶಿವಗಡದಿಂದ ಪ್ರಶ್ನೆ: ಕ್ರಿಸ್‌ಮಸ್‌ಗೆ ನೆವ್ರಿ (ಕರಿಗಡುಬು), ಕುಲ್‌ಕುಲ್ (ಕರಿದ ಸಣ್ಣ ಸುರುಳಿ ಸಿಹಿ) ಜೊತೆ ಹತ್ತು ಮನೆಗೆ ಕಾಂತುಚ್ಚಿ, ಅಂದರೆ ಉರುಳೆ ಬೇಯಿಸಿ, ಕೊಯ್ದು, ಮತ್ತೆ ಬೇಯಿಸೋ ಈ ಇಟಲಿ ಬಿಸ್ಕತ್ತು ಕೊಡಬೇಕು. ಒಟಿಜಿ (ಮೇಜಿನ ಮೇಲಿಡೋ ಸಣ್ಣ ಒವನ್) ಇದೆ. ಕೊಯ್ಯುವಾಗ ಪುಡಿಯಾಗ್ತದೆ, ಎರಡು ದಿನಕ್ಕೆ ಮೆತ್ತಗೆ. ಎಲ್ಲಿ ತಪ್ಪು?

ಕೋಡಿಬಾಗದಿಂದ ಉತ್ತರ: ಮೊದಲು ಅಳತೆ ನೋಡಿ. ಮೈದಾ 250 ಗ್ರಾಂ, ಸಕ್ಕರೆ 170, ಸಿಪ್ಪೆ ಸಮೇತ ಇಡೀ ಬಾದಾಮಿ 130, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಚಿಟಿಕೆ ಉಪ್ಪು, ಒಂದು ಕಿತ್ತಳೆ ಸಿಪ್ಪೆಯ ತುರಿ (ಬಿಳಿ ಭಾಗ ಬೇಡ, ಕಹಿ). ಮೊಟ್ಟೆಯನ್ನು ಎಣಿಸಬೇಡಿ, ಒಡೆದು ತೂಗಿ: 100 ಗ್ರಾಂ. ನಾಟಿ ಮೊಟ್ಟೆಯಾದರೆ ಮೂರು ಬೇಕಾದೀತು. ಬೆಣ್ಣೆ, ಎಣ್ಣೆ ಹಾಕ್ತಿದ್ದೀರಾ? ಇಟಲಿಯ ಪ್ರಾತೊ ಊರಿನ ಹಳೆಯ ಕ್ರಮದಲ್ಲಿ ಎರಡೂ ಇಲ್ಲ. ಜಿಡ್ಡು ಹೆಚ್ಚಾದಷ್ಟೂ ಕೊಯ್ಯುವಾಗ ಉದುರ್ತದೆ.

ಹಿಟ್ಟು ಕೈಗೆ ಅಂಟೇ ಅಂಟ್ತದೆ. ಮೈದಾ ಸುರಿಯಬೇಡಿ, ಕೈ ಒದ್ದೆ ಮಾಡಿಕೊಳ್ಳಿ. ನಾಲ್ಕು ಬೆರಳು ಅಗಲದ ಎರಡು ಉದ್ದ ಉರುಳೆ, ನಡುವೆ ಜಾಗ ಬಿಡಿ. 175 ಡಿಗ್ರಿಯಲ್ಲಿ 25 ನಿಮಿಷ. ಸುಮಾರು 35 ತುಂಡು ಬರ್ತದೆ, ಹತ್ತು ಮನೆಗೆ ಎರಡು ಸಲ ಮಾಡಬೇಕು. ಒಟಿಜಿಯಲ್ಲಿ ಒಮ್ಮೆಗೆ ಒಂದೇ ಟ್ರೇ. ಅಡಿ ಕಪ್ಪಾಗ್ತಿದ್ದರೆ ಅದರ ಕೆಳಗೆ ಇನ್ನೊಂದು ಟ್ರೇ ಸೇರಿಸಿ.

ಕುಮಟಾ: ಪುಡಿಯಾಗೋದಕ್ಕೆ ಇನ್ನೊಂದು ಕಾರಣ ಹೊತ್ತು. ಬಿಸಿಬಿಸಿ ಕೊಯ್ದರೆ ಉದುರ್ತದೆ, ಪೂರ್ತಿ ಆರಿದರೆ ಬಾದಾಮಿ ಸಿಡಿದು ಬರ್ತದೆ. 12–15 ನಿಮಿಷ ಬಿಟ್ಟು ಬ್ರೆಡ್ ಚಾಕುವಿನಿಂದ ಮೇಲಿನ ಪದರ ಮಾತ್ರ ಗರಗಸದ ಹಾಗೆ, ಆಮೇಲೆ ಒಂದೇ ಒತ್ತು. ಓರೆಯಾಗಿ, ಒಂದೂವರೆ ಸೆಂಟಿಮೀಟರ್ ದಪ್ಪ.

ಬೈತಖೋಲ: ಮೆತ್ತಗಾಗೋದು ಎರಡನೇ ಬೇಯಿಕೆ ಸಾಲದ್ದಕ್ಕೆ ಅಕ್ಕಾ, ಗಾಳಿಯನ್ನೇ ದೂರಬೇಡಿ. ನಮ್ಮ ಬೇಕರಿ ಟೋಸ್ಟಿನದೇ ಲೆಕ್ಕ. 150 ಡಿಗ್ರಿ, ಪ್ರತಿ ಮಗ್ಗುಲಿಗೆ 10 ನಿಮಿಷ, ಆಮೇಲೆ ಒವನ್ ಆರಿಸಿ ಬಾಗಿಲು ತುಸು ತೆರೆದು ಒಳಗೇ ತಣಿಯಲು ಬಿಡಿ. ಬಿಸಿಯಲ್ಲಿ ಮೆತ್ತಗೇ ಇರ್ತದೆ, ಹೆದರಿ ಜಾಸ್ತಿ ಸುಡಬೇಡಿ. ತಣಿದ ಒಂದನ್ನು ಮುರಿದು ನೋಡಿ: ನಡುವೆ ಬಾಗಿದರೆ ಇನ್ನೂ 5 ನಿಮಿಷ.

ತಣಿದ ಗಂಟೆಯೊಳಗೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಬೆಚ್ಚಗಿರುವಾಗ ಮುಚ್ಚಿದರೆ ಒಳಗೇ ಬೆವರ್ತದೆ. ಕಾಗದದ ಪೊಟ್ಟಣ ಚಂದ, ಆದರೆ ಕಡಲ ತಡಿಯಲ್ಲಿ ಉಪಯೋಗವಿಲ್ಲ. ನೆವ್ರಿ ಜೊತೆ ಒಂದೇ ಡಬ್ಬಿಗಂತೂ ಬೇಡವೇ ಬೇಡ, ಕಾಯಿ ಹೂರಣದ ಪಸೆಯನ್ನು ಇದು ಎಳೆದುಕೊಳ್ತದೆ. ಆಗಲೇ ಮೆತ್ತಗಾದದ್ದಿದ್ದರೆ 140 ಡಿಗ್ರಿಯಲ್ಲಿ 8 ನಿಮಿಷ ಇಡಿ, ಸರಿಯಾಗ್ತದೆ.

ಶಿರಸಿ: ಇದರ ಜೊತೆಗೆ ಅಮರೆತ್ತಿ (ಇದೂ ಇಟಲಿಯ ಬಾದಾಮಿ ಬಿಸ್ಕತ್ತೇ) ಮಾಡಿ, ಮೈದಾ ಬೇಡ. ಬಾದಾಮಿ ಪುಡಿ 200, ಸಕ್ಕರೆ 170, ಮೊಟ್ಟೆಯ ಬಿಳಿ 65 ಗ್ರಾಂ. ಪುಡಿ ಮಾಡುವಾಗ ಮಿಕ್ಸಿಯಲ್ಲಿ ಬಾದಾಮಿಗೆ ಅರ್ಧ ಸಕ್ಕರೆ ಸೇರಿಸಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗ್ತದೆ. ಉಂಡೆ ಕಟ್ಟಿ 160 ಡಿಗ್ರಿಯಲ್ಲಿ 20 ನಿಮಿಷ. ಕಹಿ ಪರಿಮಳಕ್ಕೆ ಬಾದಾಮಿ ಎಸೆನ್ಸ್ ಎರಡೇ ಹನಿ. ಹಸಿ ಕಹಿ ಬಾದಾಮಿ ಹಾಕಬೇಡಿ, ಅದರಿಂದ ಸಯನೈಡ್ ಹುಟ್ತದೆ. ಒಳಗೆ ಮೆತ್ತಗಿರೋದೇ ಇದರ ಗುಣ, ಹಾಗಾಗಿ ಇದಕ್ಕೂ ಬೇರೆ ಡಬ್ಬಿ.

ಎರಡರಲ್ಲೂ ಮೊಟ್ಟೆ ಇದೆ ಅಂತ ಚೀಟಿ ಅಂಟಿಸಿ. ಘಟ್ಟದ ಮೇಲಿನ ನಮ್ಮ ಕಡೆಯ ಮನೆಗಳಿಗಾದರೆ ನೆವ್ರಿಯೇ ಕಳಿಸಿ.